ಹತ್ತು ತಿಂಗಳ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದೀಯ, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಸ್ವಲ್ಪ ಮಾತಾಡು" ಎಂದರು. ಸ್ಫೂರ್ತಿ ಕೊಡುವಂಥ ಸಾಧನೆ ನನ್ನದೇನೂ ಇಲ್ಲ. 2006ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ, ನಾಗಮಂಗಲದಲ್ಲಿ ಪಿಯುಸಿ, ಆಮೇಲೆ ಬಿಇ. ಇವತ್ತು ಒಂದು ಕಾಗದದ ಕಥೆ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಸೇರಿದೆ. ನಮ್ಮಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರಿಗೂ ಇದು ಇವತ್ತೇ ಗೊತ್ತಾಗುವುದು.

ಮೊದಲು ನನ್ನ ಕೆಲಸ ಏನು ಅಂತ ಹೇಳಬೇಕು. ಊರಿಗೆ ಬಂದಾಗಲೆಲ್ಲ "ಕಂಪ್ಯೂಟರ್ ರಿಪೇರಿ ಮಾಡ್ತೀಯೇನ್ಲಾ" ಎಂದು ಕೇಳುತ್ತಾರೆ. ಅಲ್ಲ. ಮಾಹಿತಿ ಭದ್ರತೆ ನನ್ನ ಕೆಲಸ. ಹಿಂದೆ ಪಹಣಿ ಕೈಬರಹದಲ್ಲಿತ್ತು. ಪುಸ್ತಕ ಶ್ಯಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಹತ್ತಿರ ಇರುತ್ತಿತ್ತು. ಅದರಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಸೇರಿದರೆ, ಸೇರಿಸಿದವರು ಯಾರು, ಯಾವತ್ತು ಸೇರಿಸಿದರು ಎಂದು ಹಿಡಿಯುವುದು ಕಷ್ಟವಿತ್ತು. 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ತಂದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಆ ವ್ಯವಸ್ಥೆಯಲ್ಲಿ ದಾಖಲೆ ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಹಾಗಾಗಿ ಆಮೇಲೆ "ನಾನಲ್ಲ, ಇನ್ಯಾರೋ ಮಾಡಿದ್ದು" ಎನ್ನಲು ಬರುತ್ತಿರಲಿಲ್ಲ. ಯಾರು ಒಳಗೆ ಬರಬಹುದು, ಬಂದವರು ಏನನ್ನು ಮುಟ್ಟಬಹುದು, ಮುಟ್ಟಿದ್ದಕ್ಕೆ ಗುರುತು ಉಳಿಯುತ್ತದೆಯೇ, ಪುಸ್ತಕ ಸುಟ್ಟುಹೋದರೆ ನಕಲು ಎಲ್ಲಿದೆ, ಇವನ್ನು ನೋಡಿಕೊಳ್ಳುವುದೇ ನನ್ನ ಕೆಲಸ.

ಈ ಕೆಲಸದವರಿಗೆ ಲೋಕದ ಎಲ್ಲೆಡೆ ಬೆಲೆಯಿರುವ ಒಂದು ಪ್ರಮಾಣಪತ್ರ ಇದೆ, ಹೆಸರು ಸಿಐಎಸ್‌ಎಸ್‌ಪಿ. ಕೊಡುವುದು ಐಎಸ್‌ಸಿ-2 ಎಂಬ ಸಂಸ್ಥೆ, 1989ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. 1994ರಿಂದ ಈ ಪ್ರಮಾಣಪತ್ರ ಕೊಡುತ್ತಿದೆ. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ, ಆದರೆ ಶುಲ್ಕ ಮಾತ್ರ ಧಾರಾಳ. ನಾನು ಕಟ್ಟಿದಾಗ 699 ಡಾಲರ್, ಅಂದರೆ ಸುಮಾರು ಐವತ್ತು ಸಾವಿರ ರೂಪಾಯಿ. ಈಗ 749 ಡಾಲರ್ ಆಗಿದೆ. ಪರೀಕ್ಷೆ ಮೂರು ಗಂಟೆ, ಪ್ರಶ್ನೆಗಳು ನೂರರಿಂದ ನೂರೈವತ್ತು. ನಾವು ಕೊಟ್ಟ ಉತ್ತರ ನೋಡಿಕೊಂಡು ಕಂಪ್ಯೂಟರೇ ಮುಂದಿನ ಪ್ರಶ್ನೆ ಆರಿಸುತ್ತದೆ. ಹಿಂದೆ ಹೋಗಿ ತಿದ್ದುವ ಹಾಗಿಲ್ಲ. ಸಾವಿರಕ್ಕೆ ಏಳುನೂರು ಬಂದರೆ ಪಾಸು. 2018ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬರೆದೆ, ಮೊದಲ ಸಲಕ್ಕೇ ಪಾಸಾದೆ. ಓದಿದ್ದು ಏಳು ತಿಂಗಳು, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು. ಹತ್ತನೇ ತರಗತಿಯಲ್ಲಿ ಶಾಲೆಯಲ್ಲೇ ಮಲಗಿ ಓದಿಕೊಳ್ಳಲು ಬಿಡುತ್ತಿದ್ದರಲ್ಲ, ಬೆಳಗಿನ ಜಾವ ಏಳುವ ಅಭ್ಯಾಸ ಬಂದದ್ದು ಆಗ.

ಪಾಸಾದ ಸಂಜೆ ಊರಿಗೆ ಫೋನ್ ಮಾಡಿ "ಆಯ್ತು" ಅಂದೆ. ಆಗಿರಲಿಲ್ಲ. ಪರೀಕ್ಷೆ ಪಾಸಾದರೆ ಪ್ರಮಾಣಪತ್ರ ಕೈಗೆ ಬರುವುದಿಲ್ಲ. ಐದು ವರ್ಷ ಆ ಕೆಲಸವನ್ನು ಸಂಬಳಕ್ಕೆ ಮಾಡಿದ್ದೇನೆ ಎಂದು ತೋರಿಸಬೇಕು. ಅದು ನನಗೆ ಮೊದಲೇ ಗೊತ್ತಿತ್ತು, ಆದರೆ ಸರಿಯಾಗಿ ಓದಿರಲಿಲ್ಲ. 2012ರ ಆಗಸ್ಟಿನಿಂದ ದುಡಿಯುತ್ತಿದ್ದೇನೆ, ಆರು ವರ್ಷದ ಮೇಲಾಯಿತು, ಇನ್ನೇನು ಬೇಕು ಎಂದುಕೊಂಡಿದ್ದೆ. ಬೀಜ ಬಿತ್ತಿದ ಮೇಲೆ ಬೀಜದ ಚೀಲದ ಚೀಟಿ ಓದುವ ಜಾತಿ ನಮ್ಮದು.

ನಿಯಮ ಹೀಗಿದೆ. ಮಾಹಿತಿ ಭದ್ರತೆಯನ್ನು ಅವರು ಎಂಟು ವಿಭಾಗ ಮಾಡಿದ್ದಾರೆ. ಅಪಾಯದ ಅಂದಾಜು ಒಂದು, ದತ್ತಾಂಶದ ರಕ್ಷಣೆ ಒಂದು, ಭದ್ರತೆಯ ವಿನ್ಯಾಸ, ನೆಟ್‌ವರ್ಕ್, ಯಾರಿಗೆ ಎಲ್ಲಿಯವರೆಗೆ ಪ್ರವೇಶ ಎಂಬ ವ್ಯವಸ್ಥೆ, ತಪಾಸಣೆ, ದಿನನಿತ್ಯದ ಕಾವಲು, ಸುರಕ್ಷಿತವಾಗಿ ಸಾಫ್ಟ್‌ವೇರ್ ಬರೆಯುವುದು, ಹೀಗೆ. ಇವುಗಳಲ್ಲಿ ಕನಿಷ್ಠ ಎರಡರಲ್ಲಿ ಒಟ್ಟು ಐದು ವರ್ಷ ಕೆಲಸ ಮಾಡಿರಬೇಕು. ನಾನು ಅರ್ಜಿ ಹಾಕಿದಾಗ ನಾಲ್ಕು ವರ್ಷದ ಪದವಿ ಇದ್ದರೆ ಒಂದು ವರ್ಷ ವಿನಾಯಿತಿ ಇತ್ತು. ಎರಡು ಪದವಿ ಇದೆ, ಎರಡು ವರ್ಷ ಬಿಡಿ ಎಂದರೆ ನಡೆಯುವುದಿಲ್ಲ. ಬಿಇಯಿಂದಾಗಿ ನನಗೆ ನಾಲ್ಕು ವರ್ಷ, ಅಂದರೆ 48 ತಿಂಗಳು ಸಾಕು. ವಾರಕ್ಕೆ ಕನಿಷ್ಠ 35 ಗಂಟೆಯಂತೆ ನಾಲ್ಕು ವಾರ ದುಡಿದರೆ ಒಂದು ತಿಂಗಳು. ಅರೆಕಾಲಿಕ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, 1040 ಗಂಟೆಗೆ ಆರು ತಿಂಗಳು ಎಂದು. ಹುದ್ದೆಯ ಹೆಸರು ಏನಿದೆ ಎಂಬುದು ಮುಖ್ಯವಲ್ಲ, ದಿನವೂ ಕೂತು ಮಾಡಿದ್ದೇನು ಎಂಬುದು ಮುಖ್ಯ. ಪಾಸಾದ ಒಂಬತ್ತು ತಿಂಗಳೊಳಗೆ ಅರ್ಜಿ ಮುಗಿಸಬೇಕು. ಅದರ ಜೊತೆಗೆ, ಈಗಾಗಲೇ ಆ ಸಂಸ್ಥೆಯ ಪ್ರಮಾಣಪತ್ರ ಇರುವ ಒಬ್ಬರು "ಇವರ ಅನುಭವ ನಾನು ತಿಳಿದ ಮಟ್ಟಿಗೆ ನಿಜ" ಎಂದು ಅನುಮೋದಿಸಬೇಕು. ಅಂಥವರು ಯಾರೂ ಗೊತ್ತಿಲ್ಲದಿದ್ದರೆ ಸಂಸ್ಥೆಯೇ ಆ ಕೆಲಸ ಮಾಡುತ್ತದೆ, ಆದರೆ ಆಗ ಕಾಗದಪತ್ರ ಇನ್ನಷ್ಟು ಗಟ್ಟಿಯಾಗಿರಬೇಕು. ಕೆಲವು ಅರ್ಜಿಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿಕೊಂಡು ಪೂರ್ತಿ ತಪಾಸಣೆಯನ್ನೂ ಮಾಡುತ್ತಾರೆ.

ನನ್ನ ಆರು ವರ್ಷವನ್ನು ಈ ಜರಡಿಗೆ ಹಾಕಿದಾಗ ಏನಾಯಿತು ನೋಡಿ. ಮೊದಲ ಎರಡು ವರ್ಷ ಬೆಂಗಳೂರಿನ ಒಂದು ಚಿಕ್ಕ ಕಂಪನಿ. ಹನ್ನೊಂದು ಜನ, ಸಹಕಾರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೆವು, ಸಂಬಳ ಒಂಬತ್ತು ಸಾವಿರ. ಅಲ್ಲಿ ನಾನು ಬಹುಪಾಲು ಮಾಡಿದ್ದು ಪರದೆಗಳನ್ನು ಬಿಡಿಸುವ ಕೆಲಸ. ಆಮೇಲೆ ದೊಡ್ಡ ಕಂಪನಿಯೊಂದರಲ್ಲಿ ಇಪ್ಪತ್ತು ತಿಂಗಳು ರಾತ್ರಿ ಪಾಳಿ, ಫೋನಿನಲ್ಲಿ ಸಹಾಯ ಮಾಡುವುದು. ಪ್ರಿಂಟರ್ ಕೆಟ್ಟಿದೆ, ಪಾಸ್‌ವರ್ಡ್ ಮರೆತಿದ್ದೇನೆ, ಇಂಥವು. ಪಾಸ್‌ವರ್ಡ್ ಬದಲಾಯಿಸಿ ಕೊಟ್ಟದ್ದನ್ನು 'ಪ್ರವೇಶ ವ್ಯವಸ್ಥೆ' ವಿಭಾಗಕ್ಕೆ ಸೇರಿಸಬಹುದು ಎಂದು ಒಬ್ಬ ಗೆಳೆಯ ಧೈರ್ಯ ಹೇಳಿದ. ದಿನಕ್ಕೆ ಎರಡು ಪಾಸ್‌ವರ್ಡ್, ಉಳಿದದ್ದೆಲ್ಲ ಪ್ರಿಂಟರ್. ನನಗೇ ನಗು ಬಂತು. 2016ರ ಏಪ್ರಿಲ್‌ನಿಂದ ಮಾತ್ರ ನಾನು ಭದ್ರತಾ ಕಾವಲಿನ ತಂಡದಲ್ಲಿದ್ದೆ. ಪರೀಕ್ಷೆ ಬರೆದ ತಿಂಗಳವರೆಗೆ ಅದು 32 ತಿಂಗಳು. ಅದೆಲ್ಲ ಒಂದೇ ವಿಭಾಗದ ಕೆಲಸ.

ಅಂದರೆ ಹದಿನಾರು ತಿಂಗಳ ಕೊರತೆ, ಜೊತೆಗೆ ಎರಡನೇ ವಿಭಾಗವೂ ಇಲ್ಲ.

ಹೀಗೆ ಕೊರತೆಯಿದ್ದವರಿಗೆ ಸಂಸ್ಥೆ ಬಾಗಿಲು ಮುಚ್ಚುವುದಿಲ್ಲ, ಇದನ್ನು ಇಲ್ಲಿರುವ ಹುಡುಗ ಹುಡುಗಿಯರು ಗಮನಿಸಬೇಕು. ಪರೀಕ್ಷೆ ಪಾಸಾಗಿ ಅನುಭವ ಸಾಲದವರನ್ನು 'ಅಸೋಸಿಯೇಟ್' ಎಂದು ಸೇರಿಸಿಕೊಂಡು, ಅನುಭವ ತುಂಬಿಸಲು ಆರು ವರ್ಷ ಸಮಯ ಕೊಡುತ್ತಾರೆ. ಕಾಲೇಜು ಮುಗಿಸಿದ ವರ್ಷವೇ ಪರೀಕ್ಷೆ ಬರೆಯಬಹುದು. ಆದರೆ ಅಲ್ಲಿಯವರೆಗೆ ಹೆಸರಿನ ಮುಂದೆ ಸಿಐಎಸ್‌ಎಸ್‌ಪಿ ಎಂದು ಹಾಕಿಕೊಳ್ಳುವ ಹಾಗಿಲ್ಲ. ಗೌರವದ ದಾರಿಯೇ ಅದು. ನನಗೆ ಮಾತ್ರ ಆಗ ಅದು ಅವಮಾನದ ಹಾಗೆ ಕಂಡಿತು, ಯಾಕೆಂದರೆ ನನಗೆ ಅವಸರವಿತ್ತು.

2019ರ ಜನವರಿಯಲ್ಲಿ ಇನ್ನೊಂದು ಕಂಪನಿಯವರು ಸಂದರ್ಶನ ಮಾಡಿ ಒಪ್ಪಿಕೊಂಡರು. ನನಗೆ ಬರುತ್ತಿದ್ದದ್ದರ ಒಂದೂವರೆ ಪಟ್ಟು ಸಂಬಳ. ಷರತ್ತು ಒಂದೇ, ಫೆಬ್ರವರಿ ಮುಗಿಯುವುದರೊಳಗೆ ಪ್ರಮಾಣಪತ್ರ ತೋರಿಸಬೇಕು. ಮನೆಯಲ್ಲಿ ಆಗ ಏನಿತ್ತು ಎಂಬುದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎರಡು ಬೋರ್‌ವೆಲ್ ಕೊರೆಸಿ ಎರಡೂ ಧೂಳು ಬಂದಿದ್ದವು. ಕೈಸಾಲ ನಾಲ್ಕು ಲಕ್ಷ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ ಹನ್ನೆರಡು ಸಾವಿರ ಬಡ್ಡಿಗೇ ಹೋಗುತ್ತಿತ್ತು, ಅಸಲು ಅಲ್ಲೇ ಇರುತ್ತಿತ್ತು.

ಬೆಂಗಳೂರಿನಲ್ಲಿ ಅನುಭವ ಪತ್ರ ಮಾರುವವರಿದ್ದಾರೆ ಎಂಬುದು ನನ್ನ ವಯಸ್ಸಿನ ಎಂಜಿನಿಯರುಗಳಿಗೆಲ್ಲ ಗೊತ್ತು, ಗೊತ್ತಿಲ್ಲ ಎಂದರೆ ಸುಳ್ಳು. ಒಬ್ಬ ಪರಿಚಯದವನ ಜೊತೆ ಹೋದೆ. ಮೂರನೇ ಮಹಡಿಯ ಒಂದು ಕೋಣೆ, ಒಂದು ಮೇಜು, ಗೋಡೆಯ ಮೇಲೆ ದೇವರ ಪಟ. ಆ ಮನುಷ್ಯ ಬಹಳ ಮರ್ಯಾದೆಯಿಂದ ಕಾಫಿ ತರಿಸಿಕೊಟ್ಟು ದರ ಹೇಳಿದ. ಎರಡು ವರ್ಷಕ್ಕೆ ಹದಿನೆಂಟು ಸಾವಿರ. ಲೆಟರ್‌ಹೆಡ್, ಸೀಲು, ಸಂಬಳದ ಚೀಟಿ ಎಲ್ಲ ಸೇರಿ. ಯಾರಾದರೂ ವಿಚಾರಿಸಲು ಫೋನ್ ಮಾಡಿದರೆ "ಹೌದು, ನಮ್ಮಲ್ಲಿ ಕೆಲಸ ಮಾಡಿದ್ದರು" ಎನ್ನಲು ಒಬ್ಬ ಹುಡುಗಿಯನ್ನೂ ಇಟ್ಟಿದ್ದ. 2012ರಿಂದ 2014ರವರೆಗೆ ನಾನು ಯಾವುದೋ ಭದ್ರತಾ ಕಂಪನಿಯಲ್ಲಿ ಇದ್ದೆ ಎಂದು ಪತ್ರ ತಯಾರಾಗುವುದು. ನಾನು ಮುಂಗಡ ಐದು ಸಾವಿರ ಕೊಟ್ಟು ಬಂದೆ.

ಅಪ್ಪ, ಬೋರ್‌ವೆಲ್ ಸಾಲದ ಬಡ್ಡಿಗೆ ಆ ತಿಂಗಳು ಐದು ಸಾವಿರ ಕಡಿಮೆ ಕಳಿಸಿದ್ದೆನಲ್ಲ, ಅದು ಇದೇ.

ನಾಲ್ಕು ದಿನಕ್ಕೆ ಪತ್ರ ಬಂತು. ನೋಡಲು ಬಹಳ ಚೆನ್ನಾಗಿತ್ತು, ನಿಜವಾದ ಕಂಪನಿಗಳು ಕೊಡುವುದಕ್ಕಿಂತ ಚೆನ್ನಾಗಿತ್ತು. ಅದನ್ನು ತೆಗೆದುಕೊಂಡು ನಮ್ಮ ಕಂಪನಿಯ ಹಿರಿಯರೊಬ್ಬರ ಹತ್ತಿರ ಅನುಮೋದನೆಗೆ ಹೋದೆ. ಅವರು ಕಾಸರಗೋಡಿನ ಕಡೆಯವರು, ಅಲ್ಲಿನ ಕನ್ನಡ ಶಾಲೆಯಲ್ಲಿ ಓದಿದವರು. ಆಫೀಸಿನಲ್ಲಿ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದವರು ಅವರೊಬ್ಬರೇ. ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಪತ್ರದ ಕೆಳಗಿದ್ದ ನಂಬರನ್ನು ತಮ್ಮ ಫೋನಿನಲ್ಲಿ ಒತ್ತಿ, ಕರೆ ಮಾಡದೆ, ನನ್ನ ಕಡೆ ತಿರುಗಿಸಿ ಹಿಡಿದರು.

"ಮಾಡಲೇ?" ಎಂದರು.

ನಾನು ಬೇಡ ಎಂದೆ.

ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಆ ಸಂಸ್ಥೆಗೆ ನಾಲ್ಕು ಸಾಲಿನ ಒಂದು ನೀತಿಸಂಹಿತೆ ಇದೆ, ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಸಮಾಜವನ್ನೂ ಜನರ ನಂಬಿಕೆಯನ್ನೂ ಕಾಪಾಡುವುದು ಮೊದಲನೆಯದು, ಪ್ರಾಮಾಣಿಕವಾಗಿ ನಡೆದುಕೊಳ್ಳುವುದು ಎರಡನೆಯದು. ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ಸರಿಯುತ್ತರ ಕೊಟ್ಟವನೇ ನಾನು. ಅವರು ಹೇಳಿದ್ದು ಇಷ್ಟೇ: "ನಿಮ್ಮ ಹೆಸರಿನ ಜೊತೆ ನನ್ನ ಹೆಸರನ್ನೂ ಅಡ ಇಡಲು ಬಂದಿದ್ದೀರಿ." ಆಮೇಲೆ ಒಂದು ಬಿಳಿ ಹಾಳೆ ತೆಗೆದು ನಡುವೆ ಗೆರೆ ಎಳೆದು, "ನಿಜವಾಗಿ ಎಷ್ಟಿದೆ, ಬನ್ನಿ ಲೆಕ್ಕ ಹಾಕೋಣ. ಮೊದಲ ಕಂಪನಿಯಿಂದ ಶುರು ಮಾಡಿ. ಹುದ್ದೆ ಹೇಳಬೇಡಿ, ಬೆಳಗ್ಗೆ ಬಂದು ಕೂತ ಮೇಲೆ ಏನು ಮಾಡುತ್ತಿದ್ದಿರಿ ಹೇಳಿ" ಎಂದರು.

ಹಾಗೆ ಹೇಳುತ್ತಾ ಹೋದಾಗಲೇ ನಾನು ಪೂರ್ತಿ ಮರೆತಿದ್ದ ಒಂದು ಕೆಲಸ ನೆನಪಾಯಿತು. ನಮ್ಮ ಸಾಫ್ಟ್‌ವೇರ್ ಹಾಕಿದ್ದ ಒಂದು ಸಹಕಾರ ಸಂಘದಲ್ಲಿ ಯಾರದೋ ಸಾಲದ ಬಾಕಿಯನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದರು. ಯಾರು ತಿದ್ದಿದ್ದು ಎಂದು ಗೊತ್ತಾಗಲಿಲ್ಲ, ಯಾಕೆಂದರೆ ನಾಲ್ಕೂ ಜನ ನೌಕರರಿಗೆ ಒಂದೇ ಪಾಸ್‌ವರ್ಡ್, ಅದನ್ನೂ ಮಾನಿಟರಿಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದರು. ತಪ್ಪು ಸಂಘದವರದ್ದಷ್ಟೇ ಅಲ್ಲ, ಹಾಗೆ ಬಿಟ್ಟ ನಮ್ಮ ಸಾಫ್ಟ್‌ವೇರಿನದ್ದೂ ಹೌದು. ಆ ದೂರು ಬಂದ ಮೇಲೆ ನಮ್ಮ ಮಾಲೀಕರು ನನ್ನನ್ನು ಪರದೆ ಬಿಡಿಸುವ ಕೆಲಸದಿಂದ ಎಬ್ಬಿಸಿ ಇದಕ್ಕೆ ಹಾಕಿದರು. ಒಬ್ಬೊಬ್ಬರಿಗೂ ಬೇರೆ ಲಾಗಿನ್, ಗುಮಾಸ್ತ ಬರೆದದ್ದನ್ನು ಕಾರ್ಯದರ್ಶಿ ಒಪ್ಪಿದ ಮೇಲೇ ಲೆಕ್ಕಕ್ಕೆ ಹೋಗುವ ವ್ಯವಸ್ಥೆ, ತಿದ್ದಿದ್ದಕ್ಕೆಲ್ಲ ತಾರೀಖು ಮತ್ತು ಹೆಸರು ಉಳಿಯುವ ದಿನಚರಿ, ರಾತ್ರಿ ಹೊತ್ತು ಬ್ಯಾಕಪ್. ಅದನ್ನೇ ಮಾಡಿಕೊಂಡು ಕಂಪನಿ ಮುಚ್ಚುವವರೆಗೂ ಇದ್ದೆ. "ಇದೇ ಪ್ರವೇಶ ವ್ಯವಸ್ಥೆ. ಇದಕ್ಕಿಂತ ಶುದ್ಧವಾದ ಉದಾಹರಣೆ ನಾನು ಪುಸ್ತಕದಲ್ಲೂ ನೋಡಿಲ್ಲ" ಎಂದರು ಅವರು. ಹದಿನೆಂಟು ಸಾವಿರಕ್ಕೆ ಸುಳ್ಳು ಅನುಭವ ಕೊಳ್ಳಲು ಹೋದವನಿಗೆ ತನ್ನದೇ ನಿಜವಾದ ಅನುಭವ ನೆನಪಿರಲಿಲ್ಲ.

ನೆನಪಾದರೆ ಸಾಲದು, ತೋರಿಸಬೇಕಲ್ಲ. ಕಂಪನಿ 2014ರ ಜುಲೈನಲ್ಲಿ ಮುಚ್ಚಿತ್ತು, ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡೇ. ಬಿಡುಗಡೆ ಪತ್ರ ಇಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದದ್ದರಿಂದ ಭವಿಷ್ಯನಿಧಿ ಕಟ್ಟುವ ಕಡ್ಡಾಯ ಅವರಿಗಿರಲಿಲ್ಲ, ಹಾಗಾಗಿ ಪಿಎಫ್ ದಾಖಲೆ ಇಲ್ಲ. ಒಂಬತ್ತು ಸಾವಿರಕ್ಕೆ ಆದಾಯ ತೆರಿಗೆಯೂ ಹಿಡಿಯುವುದಿಲ್ಲ, ಆ ಕಡೆಯಿಂದಲೂ ಗುರುತಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಎರಡು ವರ್ಷ ನಾನು ಎಲ್ಲೂ ದುಡಿದೇ ಇರಲಿಲ್ಲ.

ಊರಿಗೆ ಬಂದೆ. ನಮ್ಮಮ್ಮ ಟ್ರಂಕ್ ತೆಗೆದರು. ರೇಷನ್ ಕಾರ್ಡು, ಎಲ್ಐಸಿ ಬಾಂಡು, ನನ್ನ ಒಂದನೇ ತರಗತಿಯ ಫೋಟೊ, ಇವುಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಮೊದಲ ಕೆಲಸದ ನೇಮಕಾತಿ ಪತ್ರ ಇತ್ತು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಕಾಗದ ಅಂತ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ದರು, ಒಂದು ಮೂಲೆ ಕೆಂಪಾಗಿತ್ತು. ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ತಿಂಗಳು ತಿಂಗಳು ಒಂಬತ್ತು ಸಾವಿರದ ಚೆಕ್ ಜಮಾ ಆದದ್ದೂ ಇತ್ತು. ದುಡಿದಿದ್ದೆ ಎನ್ನುವುದಕ್ಕೆ ಇಷ್ಟು ಸಾಕ್ಷಿ. ಯಾವ ಕೆಲಸ ಮಾಡಿದೆ ಎನ್ನುವುದಕ್ಕೆ ಹಳೆಯ ಮಾಲೀಕರನ್ನೇ ಹುಡುಕಬೇಕಿತ್ತು.

ಹಳೆಯ ಸಹೋದ್ಯೋಗಿಗಳನ್ನು ಒಬ್ಬರಾದ ಮೇಲೆ ಒಬ್ಬರನ್ನು ಕೇಳಿ, ಕೊನೆಗೆ ಅವರು ಚನ್ನರಾಯಪಟ್ಟಣದ ಹತ್ತಿರ ಅಪ್ಪನ ತೆಂಗಿನ ತೋಟ ನೋಡಿಕೊಂಡಿದ್ದಾರೆ ಎಂದು ಗೊತ್ತಾಯಿತು. ನಮ್ಮ ಬೆಳ್ಳೂರು ಕ್ರಾಸಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಲೋಕವೆಲ್ಲ ಹುಡುಕಿದವನಿಗೆ ಪಕ್ಕದ ತಾಲ್ಲೂಕಿನಲ್ಲಿ ಸಿಕ್ಕರು. ಬಾಕಿ ಸಂಬಳದ ಸಿಟ್ಟು ಐದು ವರ್ಷದಿಂದ ಹೊಟ್ಟೆಯಲ್ಲಿತ್ತು. ಹೋದರೆ ಆ ಮನುಷ್ಯ ಲುಂಗಿ ಉಟ್ಟುಕೊಂಡು ತೋಟಕ್ಕೆ ನೀರು ತಿರುಗಿಸುತ್ತಿದ್ದರು, ನನ್ನ ಗುರುತು ಹಿಡಿದ ಕೂಡಲೇ ಎಳನೀರು ಕೆಡವಿಸಿದರು. ಬಾಕಿ ಸಂಬಳದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವಿಷಯ ಹೇಳಿದೆ. "ಒಂದು ವರ್ಷ ಆ ಕೆಲಸ ಮಾಡಿದ್ದೇನೆ ಸರ್, ಆಗಸ್ಟಿನಿಂದ" ಎಂದೆ. ನನ್ನ ನೆನಪು ಹಾಗೇ ಇತ್ತು, ಹಾಗೇ ಇರಲಿ ಎಂಬ ಆಸೆಯೂ ಸ್ವಲ್ಪ ಇತ್ತು. ಅವರು ಒಳಗೆ ಹೋಗಿ ಹಳೆಯ ಲ್ಯಾಪ್‌ಟಾಪ್ ತಂದು, ಅದು ಜೀವ ಹಿಡಿಯುವವರೆಗೆ ಅರ್ಧ ಗಂಟೆ ಕಾದು, ಹಳೆಯ ಮಿಂಚಂಚೆಗಳನ್ನು ಹುಡುಕಿದರು. ಸಂಘದವರ ದೂರು ಬಂದದ್ದು 2013ರ ಸೆಪ್ಟೆಂಬರ್ ಕೊನೆಗೆ. "ನೀವು ಆ ಕೆಲಸಕ್ಕೆ ಕೂತದ್ದು ಅಕ್ಟೋಬರ್‌ನಿಂದ. ಹತ್ತು ತಿಂಗಳು, ಹನ್ನೆರಡಲ್ಲ" ಎಂದರು. "ಸರ್, ಎರಡು ತಿಂಗಳು ತಾನೇ" ಎಂದೆ. "ಎರಡು ತಿಂಗಳೇ. ಆದರೂ ಅಕ್ಟೋಬರ್ ಅಕ್ಟೋಬರೇ" ಎಂದು ನಕ್ಕರು. ಮೇಜಿನ ಖಾನೆಯಲ್ಲಿ ಹಳೆಯ ಲೆಟರ್‌ಹೆಡ್ ಇನ್ನೂ ಒಂದು ಕಟ್ಟು ಇತ್ತು. ಅದರಲ್ಲಿ ಬರೆದುಕೊಡಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಇಲ್ಲದ ಕಂಪನಿಯ ಹಾಳೆಗೆ ಇವತ್ತಿನ ತಾರೀಖು ಹಾಕಿದರೆ ಅದೂ ಸುಳ್ಳೇ ಆಗುತ್ತದೆ ಎಂದು ಬಿಳಿ ಹಾಳೆಯಲ್ಲಿ, ಕಂಪನಿ ಯಾವಾಗ ಮುಚ್ಚಿತು, ತಾನು ಏನಾಗಿದ್ದೆ, ಈಗ ಎಲ್ಲಿದ್ದೇನೆ, ಇವನು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಏನು ಮಾಡಿದ ಎಂದು ಬರೆದು, ಫೋನ್ ನಂಬರ್ ಹಾಕಿ ಸಹಿ ಮಾಡಿದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ನೆನಪಾದದ್ದು ಈ ಶಾಲೆಯ ಆಫೀಸ್ ರೂಮು. 2008ರಲ್ಲಿ ಸಿಇಟಿ ಸೀಟಿಗೆ ಗ್ರಾಮೀಣ ಮೀಸಲಾತಿಯ ಪತ್ರ ಬೇಕಿತ್ತು. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5. ಮುಖ್ಯೋಪಾಧ್ಯಾಯರು ಬರೆದುಕೊಡಬೇಕು, ಬಿಇಒ ಮೇಲುಸಹಿ ಹಾಕಬೇಕು. ನನಗೆ ಹತ್ತು ವರ್ಷ ತುಂಬಿತ್ತು, ಸಿಕ್ಕಿತು. ನನ್ನ ಜೊತೆ ಬಂದಿದ್ದ ನಮ್ಮ ದೊಡ್ಡಪ್ಪನ ಮಗ ಆರನೇ ತರಗತಿಯನ್ನು ಮೈಸೂರಿನಲ್ಲಿ ಓದಿದ್ದ. ನಮ್ಮ ದೊಡ್ಡಪ್ಪ, "ಒಂದೇ ವರ್ಷ ಕಣ್ ಸಾರ್, ಅದ್ಯಾರ್ ನೋಡ್ತಾರೆ, ಬರ್ಕೊಡಿ" ಎಂದು ಎಷ್ಟು ಕೇಳಿದರೂ ಆಗಿನ ಹೆಡ್ಮಾಸ್ಟರು ದಾಖಲಾತಿ ಪುಸ್ತಕ ತಿರುಗಿಸಿ ತೋರಿಸಿ, "ಇಲ್ಲಿ ಮೈಸೂರಿನ ಟಿಸಿ ಇದೆ, ನಾನು ಹತ್ತು ಎಂದು ಹೇಗೆ ಬರೆಯಲಿ" ಎಂದರು. ಊರೆಲ್ಲ ಅವರನ್ನು ಬೈಯಿತು, ನಾನೂ ಬೈದಿದ್ದೆ. ನಮ್ಮಣ್ಣ ಆಮೇಲೆ ಡಿಪ್ಲೊಮಾ ಮಾಡಿ ಈಗ ಚೆನ್ನಾಗಿಯೇ ಇದ್ದಾನೆ, ಆ ಮಾತು ಬೇರೆ. ಅವನಿಗೆ ಆ ನೋವು ಹೋಗಿಲ್ಲ, ಹೋಗಬೇಕು ಎಂದು ನಾನು ಹೇಳುವುದೂ ಇಲ್ಲ. ಆದರೆ ಆ ಪುಸ್ತಕದಲ್ಲಿ ಅವತ್ತು ಒಂದು ಸಾಲು ಬದಲಾಗಿದ್ದರೆ, ನನ್ನ ಹತ್ತು ವರ್ಷಕ್ಕೆ ಸಿಕ್ಕ ಕಾಗದಕ್ಕೂ ಬೆಲೆ ಇರುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ಹನ್ನೊಂದು ವರ್ಷದ ಮೇಲೆ, ಹಿರೀಸಾವೆ ದಾಟುವಾಗ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಫೆಬ್ರವರಿ ಮುಗಿಯಿತು, ಆ ಕೆಲಸ ಇನ್ನೊಬ್ಬರಿಗೆ ಹೋಯಿತು. ಹತ್ತು ತಿಂಗಳು ಸೇರಿಸಿದರೂ ನನ್ನದು ನವೆಂಬರ್‌ಗೆ 42 ತಿಂಗಳು, 48 ತುಂಬಲು ಮೇ ಕೊನೆಯವರೆಗೆ ಕಾಯಬೇಕು. ಆ ಎರಡು ತಿಂಗಳು ಸಿಕ್ಕಿದ್ದರೆ ಮಾರ್ಚಿಗೇ ಮುಗಿಯುತ್ತಿತ್ತು ಎಂದು ಲೆಕ್ಕ ಹಾಕುತ್ತಾ ಕೂತದ್ದೂ ಉಂಟು. ಜೂನ್ ಮೊದಲ ವಾರ ಅರ್ಜಿ ಹಾಕಿದೆ, ಕಾಸರಗೋಡಿನವರು ಅನುಮೋದಿಸಿದರು. ನನ್ನ ಅದೃಷ್ಟ ನೋಡಿ, ಚೀಟಿ ಎತ್ತಿದಾಗ ತಪಾಸಣೆಗೆ ಬಂದದ್ದು ನನ್ನದೇ. ನೇಮಕಾತಿ ಪತ್ರ, ಪಾಸ್‌ಪುಸ್ತಕದ ಪುಟಗಳು, ಬಿಳಿ ಹಾಳೆಯ ಪತ್ರ, ಈಗಿನ ಕಂಪನಿಯ ಪತ್ರ ಎಲ್ಲ ಕಳಿಸಿದೆ. ಕುಂಕುಮದ ಕಲೆ ಏನು ಎಂದು ಕೇಳಿಯಾರು ಎಂಬ ಅಳುಕಿತ್ತು, ಕೇಳಲಿಲ್ಲ. ಜುಲೈ ಮಧ್ಯದಲ್ಲಿ ಒಪ್ಪಿಗೆ ಬಂತು. ಮೂರನೇ ಮಹಡಿಯ ಪತ್ರ ಹಾಕಿದ್ದರೆ ಅದೇ ತಪಾಸಣೆಗೆ ಸಿಕ್ಕುತ್ತಿತ್ತು. ನಾಲ್ಕು ಲಕ್ಷದ ಸಾಲ ತೀರಿದ್ದು 2021ರಲ್ಲಿ. ಆ ದೊಡ್ಡ ಸಂಬಳ ಸಿಕ್ಕಿದ್ದರೆ ಎರಡು ವರ್ಷ ಮೊದಲೇ ತೀರುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಪ್ರಮಾಣಪತ್ರ ಬಂದರೂ ಮುಗಿಯುವುದಿಲ್ಲ. ಮೂರು ವರ್ಷಕ್ಕೊಮ್ಮೆ 120 ಅಂಕದಷ್ಟು ಹೊಸದಾಗಿ ಕಲಿತದ್ದನ್ನು ತೋರಿಸಬೇಕು, ವರ್ಷಕ್ಕೊಮ್ಮೆ ಶುಲ್ಕ ಕಟ್ಟಬೇಕು.

ಇಲ್ಲಿ ಡಿಪ್ಲೊಮಾ, ಬಿಸಿಎ, ಬಿಇ ಮಾಡುತ್ತಿರುವ ಮಕ್ಕಳು ಕೂತಿದ್ದೀರಿ. ನೀವು ಸೇರುವ ಮೊದಲ ಕಂಪನಿ ಸಣ್ಣದಿರಬಹುದು, ಇರಲಿ. ನೇಮಕಾತಿ ಪತ್ರವನ್ನು ಅಮ್ಮನ ಕೈಗೆ ಕೊಡಿ, ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಫೋನಿನ ಜೊತೆ ಹೋಗುತ್ತದೆ. ತಿಂಗಳ ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ, ಈ ತಿಂಗಳು ನಿಜವಾಗಿ ಏನು ಮಾಡಿದೆ ಎಂದು. ಕೆಲಸ ಬಿಡುವಾಗ ಬರಿಯ "ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು" ಎಂಬ ಪತ್ರ ಸಾಲದು, ಮಾಡಿದ ಕೆಲಸವನ್ನೂ ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಅನುಭವವೇ ಇಲ್ಲದವರಿಗೆ ಅದೇ ಸಂಸ್ಥೆ 'ಸರ್ಟಿಫೈಡ್ ಇನ್ ಸೈಬರ್ ಸೆಕ್ಯುರಿಟಿ' ಎಂಬ ಚಿಕ್ಕ ಪರೀಕ್ಷೆ ನಡೆಸುತ್ತದೆ, ಅದಕ್ಕೆ ವರ್ಷಗಳ ಲೆಕ್ಕವಿಲ್ಲ, ಅಲ್ಲಿಂದ ಶುರು ಮಾಡಬಹುದು. ಕಂಪ್ಯೂಟರ್ ಲೆಕ್ಕ ತಪಾಸಣೆಯ ಕಡೆ ಒಲವಿದ್ದವರಿಗೆ ಐಸಾಕಾ ಸಂಸ್ಥೆಯ 'ಸಿಸಾ' ಇದೆ, ಅದಕ್ಕೂ ಐದು ವರ್ಷ ಅನುಭವ ಬೇಕು, ಅದರಲ್ಲಿ ಓದಿಗೆ ಹೆಚ್ಚು ವಿನಾಯಿತಿ ಕೊಡುತ್ತಾರೆ.

ಹಿರಿಯರಿಗೆ ಒಂದು ಮಾತು, ವಿಷಯಕ್ಕೆ ಹೊರಗಿನದು. ಪೊಲೀಸ್ ಎಂದೋ ಸಿಬಿಐ ಎಂದೋ ವಿಡಿಯೊ ಕರೆ ಮಾಡಿ "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕದಲಬೇಡಿ" ಎನ್ನುವವರು ಕಳ್ಳರು. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲ. ಹಣ ಹೋಗಿದ್ದರೆ ಮಗ ಬೆಂಗಳೂರಿನಿಂದ ಬರಲಿ ಎಂದು ಕಾಯಬೇಡಿ, ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ.

ಸಮಿತಿಯವರು ಗಡಿಯಾರ ನೋಡುತ್ತಿದ್ದಾರೆ, ಒಳಗಿಂದ ಮುದ್ದೆಯ ವಾಸನೆಯೂ ಬರುತ್ತಿದೆ. ಊಟ ಆದ ಮೇಲೆ ಎಂಟನೇ ತರಗತಿಯ 'ಬಿ' ಕೋಣೆಯಲ್ಲಿ ನಾನು ಸಂಜೆ ಐದರವರೆಗೆ ಕೂತಿರುತ್ತೇನೆ. ಕೆಲಸದಲ್ಲಿರುವವರು, ಕೆಲಸ ಹುಡುಕುತ್ತಿರುವವರು ನಿಮ್ಮ ಪತ್ರಗಳನ್ನು ತನ್ನಿ, ಒಂದು ಬಿಳಿ ಹಾಳೆ ಇಟ್ಟುಕೊಂಡು ತಿಂಗಳುಗಳನ್ನು ಒಟ್ಟಿಗೇ ಎಣಿಸೋಣ. ಅಪ್ಪ, ನೀವು ಅಲ್ಲಿಗೆ ಬರಬೇಡಿ, ಆ ಐದು ಸಾವಿರದ ಮಾತು ಮನೆಯಲ್ಲಿ ಆಡೋಣ.